ಸೋಯಾ ಹಾಲಿನ ನಂಬರು ಹುಡುಕಿದ ವಾರ

ಹೋದ ತಿಂಗಳು ಇಡೀ ಒಂದು ವಾರವನ್ನು ನಾನು ಸೋಯಾ ಹಾಲಿನ ಪ್ಯಾಕೆಟ್ಟಿನ ಮೇಲಿನ ನಂಬರು ಹುಡುಕುವುದರಲ್ಲಿ ಕಳೆದೆ. ನಿವೃತ್ತಿಯಾದವನಿಗೆ ಬೇರೇನು ಕೆಲಸ ಎಂದು ನೀವು ಅಂದುಕೊಂಡರೆ ಅದೂ ಸುಳ್ಳಲ್ಲ. ಮೂವತ್ತು ವರ್ಷಕ್ಕೂ ಮೇಲೆ ಹನುಮಸಾಗರದ ಸುತ್ತಿನ ಹಳ್ಳಿಗಳಲ್ಲಿ ದನಗಳಿಗೆ ಸೂಜಿ ಚುಚ್ಚಿ, ಕರು ಎಳೆದು, ಗೊಟ್ಟದಲ್ಲಿ ಔಷಧಿ ಕುಡಿಸಿದವನು ನಾನು. ಕಾಗದದ ಮೇಲೆ ಪಶುವೈದ್ಯಕೀಯ ಪರೀಕ್ಷಕ, ಜನರ ಬಾಯಲ್ಲಿ ದನದ ಡಾಕ್ಟರು. ಅಂಥವನ ಕೊರಳಿಗೆ ಕೊನೆಗಾಲದಲ್ಲಿ ಕೆಚ್ಚಲೇ ಇಲ್ಲದ ಹಾಲು ಗಂಟುಬಿತ್ತು.

ನಿವೃತ್ತ ನೌಕರರ ವಾಟ್ಸಾಪ್ ಗುಂಪಿಗೆ ಒಂದು ಮುಂಜಾನೆ ಒಂದು ಫೋಟೋ ಬಂತು. ಯಾರೋ ಎಲ್ಲಿಂದಲೋ ತೆಗೆದು, ಇನ್ನಾರೋ ದಾಟಿಸಿದ್ದು. ಸೋಯಾ ಹಾಲಿನ ಕಂಪನಿಯೊಂದು ತನ್ನ ಕೆಲವು ಬ್ಯಾಚಿನ ಮಾಲನ್ನು ವಾಪಸ್ ಕರೆಸಿಕೊಳ್ಳುತ್ತಿದೆ, ತುಂಬುವಾಗ ಅದರಲ್ಲಿ ತಪ್ಪಿ ಆಕಳ ಹಾಲು ಸೇರಿದೆ, ಹಾಲು ಒಗ್ಗದವರು ಕುಡಿಯಬಾರದು, ಪ್ಯಾಕೆಟ್ಟಿನ ನೆತ್ತಿಯ ಮೇಲಿರುವ ಬ್ಯಾಚ್ ನಂಬರನ್ನು ಕೆಳಗಿನ ಪಟ್ಟಿಯ ಜೊತೆ ತಾಳೆ ನೋಡಬೇಕು ಎಂದು ಅದರಲ್ಲಿತ್ತು. ಆ ಗುಂಪಿನ ಮಾತನ್ನು ನಾನು ನಂಬುವವನಲ್ಲ. ಬೇವಿನ ರಸ ಕುಡಿದರೆ ಕನ್ನಡಕ ಎಸೆಯಬಹುದು ಎಂದು ವಾರಕ್ಕೊಮ್ಮೆ ಬರೆಯುವ ಗುಂಪು ಅದು. ಆದರೆ ಫೋಟೋದಲ್ಲಿದ್ದ ಪ್ಯಾಕೆಟ್ಟು ನಮ್ಮ ಮನೆಗೆ ಬರುವ ಪ್ಯಾಕೆಟ್ಟೇ ಆಗಿತ್ತು. ಬೇರೆ ಯಾರಾದರೂ ಆಗಿದ್ದರೆ ಗಾಬರಿಯಾಗುತ್ತಿದ್ದರು. ನನಗೆ ಸಂತೋಷವಾಯಿತು. ಎಷ್ಟೋ ದಿನದ ಮೇಲೆ ಚಹಾ ರುಚಿ ಹತ್ತಿತು.

ಯಾಕೆ ಸಂತೋಷ ಎಂದು ಹೇಳಬೇಕಾದರೆ ಮನೆಯ ಸಂಗತಿ ಹೇಳಬೇಕು.

ಕುಷ್ಟಗಿಯ ನಮ್ಮ ಮನೆಯಲ್ಲಿ ಇರುವವರು ನಾಲ್ಕು ಜನ. ನಾನು, ಎಂಬತ್ತರ ನನ್ನ ಅವ್ವ, ಮಗಳು, ಮಗಳ ನಾಲ್ಕು ವರ್ಷದ ಕೂಸು. ಹೆಂಡತಿ ತೀರಿಹೋಗಿ ಆರು ವರ್ಷ. ಅಳಿಯ ಹಿಟ್ನಾಳದ ಹತ್ತಿರದ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವನು, ರಜೆಗೊಮ್ಮೆ ಬಂದು ಹೋಗುತ್ತಾನೆ. ಮಗಳು ಕೊಪ್ಪಳದ ಕಚೇರಿಯೊಂದರಲ್ಲಿ ಗುಮಾಸ್ತೆ. ಬೆಳಗ್ಗೆ ಏಳೂವರೆಯ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ಹಗಲೆಲ್ಲ ಕೂಸು ನನ್ನ ಮತ್ತು ಅವ್ವನ ಪಾಲು. ಹಿತ್ತಲಿನ ಕೊಟ್ಟಿಗೆಯಲ್ಲಿ ಒಂದು ಎಮ್ಮೆ ಇದೆ. ಅದು ಅವ್ವನ ಎಮ್ಮೆ, ಬೇರೆಯವರ ಕೈಗೆ ಸೊರೆ ಬಿಟ್ಟು ಹಾಲಿಳಿಸುವುದಿಲ್ಲ. ಕೂಸು ಅವ್ವನನ್ನು ಎಮ್ಮಿ ಅಮ್ಮ ಎಂದೇ ಕರೆಯುತ್ತದೆ.

ಆ ಕೂಸಿಗೆ ಹಾಲು ಆಗುವುದಿಲ್ಲ. ಒಂದು ವರ್ಷದ್ದಿದ್ದಾಗ ಮೊದಲ ಸಲ ಎಮ್ಮೆ ಹಾಲು ಕುಡಿಸಿದ ದಿನ ಮೈತುಂಬ ಗಂಧೆ ಎದ್ದು, ತುಟಿ ಬಾತು, ಉಸಿರು ಸಿಳ್ಳೆ ಹೊಡೆಯತೊಡಗಿತು. ಕೊಪ್ಪಳದ ಮಕ್ಕಳ ಡಾಕ್ಟರು ಆಕಳದ್ದು ಎಮ್ಮೆಯದ್ದು ಆಡಿನದ್ದು ಯಾವುದೂ ಬೇಡ, ಒಂದು ಹನಿಯೂ ಬೇಡ, ಸೋಯಾ ಹಾಲು ಕೊಡಿ ಎಂದು ಬರೆದುಕೊಟ್ಟರು. ನಮ್ಮ ಮನೆಯಲ್ಲಿ ಅದು ಎಂಥ ಮಾತು ಎಂದು ಅವರಿಗೇನು ಗೊತ್ತು. ಅವ್ವನಿಗಂತೂ ತನ್ನ ಎಮ್ಮೆಗೆ ಕಳ್ಳತನದ ಹೆಸರು ಬಂದಂತಾಯಿತು. ಮೊದಲ ಪ್ಯಾಕೆಟ್ಟು ಕತ್ತರಿಸಿ ಕಾಸಿದಾಗ ಮೂಸಿ ನೋಡಿ, "ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಅಂತಿದ್ರು ಹಿರ್ಯಾರು. ಈಗ ನೋಡಿದೆ," ಅಂದಳು. ಆಮೇಲೂ ದಿನಕ್ಕೊಮ್ಮೆ, "ಒಂದ್ ಚಮಚ ಕುಡದ್ರ ಏನಾಕ್ಕೈತಿ, ಮೈ ರೂಢಿ ಆಗ್ತೈತಿ," ಅನ್ನುವುದು ಬಿಡಲಿಲ್ಲ. ಅನ್ನುತ್ತಿದ್ದಳಷ್ಟೇ. ಕೊಟ್ಟಿರಲಿಲ್ಲ.

ಸಪ್ಪನೆಯ ಸೋಯಾ ಹಾಲು ಸಿಗುವುದು ಗಂಗಾವತಿಯ ಒಂದು ಅಂಗಡಿಯಲ್ಲಿ ಮಾತ್ರ. ವಿರೂಪಾಪುರಗಡ್ಡೆಯಲ್ಲಿ ಹೋಟೆಲುಗಳಿದ್ದ ಕಾಲಕ್ಕೆ ಪರದೇಶದವರಿಗಾಗಿ ತರಿಸಿ ರೂಢಿಯಾದ ಅಂಗಡಿ. ಹೋಟೆಲುಗಳು ಹೋದವು, ಪರದೇಶದವರೂ ಹೋದರು, ಈಗ ಅದಕ್ಕೆ ಖಾಯಂ ಗಿರಾಕಿ ನಾನು. ತಿಂಗಳಿಗೆ ಎರಡು ಮೂರು ಸಲ ತಾವರಗೇರಿ, ಕನಕಗಿರಿ ದಾಟಿ ಬಸ್ಸಿನಲ್ಲಿ ಹೋಗಿ ಹನ್ನೆರಡು ಪ್ಯಾಕೆಟ್ಟಿನ ಡಬ್ಬ ಹೆಗಲ ಮೇಲೆ ಹೊತ್ತು ಬರುತ್ತೇನೆ. ಸೊಂಟ ನೋಯುತ್ತದೆ. ಕಂಡಕ್ಟರು, "ಡಾಕ್ಟ್ರ, ದನದ ಔಷಧೇನ್ರಿ?" ಎಂದು ಕೇಳಿದರೆ ಹೌದು ಅನ್ನುತ್ತೇನೆ. ಹಾಲು ಅಂದರೆ ಕನಕಗಿರಿ ಮುಟ್ಟುವವರೆಗೆ ವಿವರಣೆ ಕೊಡಬೇಕಾಗುತ್ತದೆ.

ಆ ಫೋಟೋ ಬರುವುದಕ್ಕೆ ಸುಮಾರು ಒಂದು ತಿಂಗಳು ಮೊದಲು, ಒಂದು ಬುಧವಾರ, ಹೊಸ ಡಬ್ಬದ ಮೊದಲ ಪ್ಯಾಕೆಟ್ಟು ಒಡೆದೆವು. ಮಗಳು ಬಸ್ಸಿಗೆ ಹೋದಳು. ನಾನು ಕಾಸಿದ ಸೋಯಾ ಹಾಲು ಡಬ್ಬಿಗೆ ಹಾಕಿಕೊಂಡು ಕೂಸನ್ನು ಅಂಗನವಾಡಿಗೆ ಬಿಟ್ಟುಬಂದೆ. ಅಲ್ಲಿ ಮಕ್ಕಳಿಗೆಲ್ಲ ಹಾಲು ಕೊಡುವ ಹೊತ್ತಿಗೆ ನಮ್ಮ ಕೂಸು ತನ್ನದನ್ನು ಕುಡಿಯುತ್ತದೆ. ಹನ್ನೆರಡಕ್ಕೆ ಅಂಗನವಾಡಿಯವರ ಫೋನು ಬಂತು. ಓಡಿದೆ. ಕೂಸಿನ ಕಣ್ಣು ಮುಚ್ಚುವಷ್ಟು ಮುಖ ಬಾತಿತ್ತು, ಎದೆ ಸಿಳ್ಳೆ ಹೊಡೆಯುತ್ತಿತ್ತು. ಆಟೋದಲ್ಲಿ ಆಸ್ಪತ್ರೆಗೆ ಹೋಗುವ ಆ ಹತ್ತು ನಿಮಿಷ ನಾನು ಮತ್ತೆ ಅನುಭವಿಸಲಾರೆ. ಅದೆಷ್ಟು ಕರುಗಳಿಗೆ ಉಸಿರು ಊದಿ ಬದುಕಿಸಿದ ಕೈ ನನ್ನದು, ಅಂದು ಕೂಸಿನ ಅಂಗಿಯ ಗುಂಡಿ ಬಿಚ್ಚಲೂ ಬರಲಿಲ್ಲ. ಸೂಜಿ ಮಾಡಿದರು, ಸಂಜೆಯ ಹೊತ್ತಿಗೆ ಇಳಿಯಿತು.

ಮಗಳು ಬಂದವಳೇ ಯಾರನ್ನೂ ಕೇಳದೆ ಉಳಿದ ಹನ್ನೊಂದು ಪ್ಯಾಕೆಟ್ಟಿನ ನೆತ್ತಿಯನ್ನು ಕತ್ತರಿಯಿಂದ ಕತ್ತರಿಸಿ ಸೋಯಾ ಹಾಲನ್ನೆಲ್ಲ ತಿಪ್ಪೆಗೆ ಸುರಿದಳು. ಮರುದಿನ ಕೊಪ್ಪಳದ ಡಾಕ್ಟರು ಅದನ್ನು ಕೇಳಿ ತಲೆಯಾಡಿಸಿದರು. ಮೂರು ವರ್ಷ ಕುಡಿದು ಅರಗಿಸಿಕೊಂಡ ಸೋಯಾ ಇವತ್ತು ಯಾಕೆ ತಿರುಗಿ ಬೀಳುತ್ತದೆ, ಮನೆಯಲ್ಲಿ ಯಾರೋ ನಿಜವಾದ ಹಾಲು ಕೊಟ್ಟಿದ್ದಾರೆ, ನೋಡಿಕೊಳ್ಳಿ ಅಂದರು. ಮನೆಯಲ್ಲಿ ಯಾರೋ ಅಂದರೆ ಇನ್ಯಾರು. ಬುಧವಾರ ಬೆಳಗ್ಗೆ ಅವ್ವ ಹಿಂಡುವಾಗ ಕೂಸು ಕೊಟ್ಟಿಗೆಯಲ್ಲೇ ಇತ್ತು.

"ಅಮ್ಮಾ, ಖರೇ ಹೇಳು. ಬೆರಳಿಗೆ ಹಚ್ಚಿ ನೆಕ್ಕಿಸಿದ್ರೂ ಅದು ಹಾಲ," ಎಂದು ಮಗಳು ಕೇಳಿದಳು. ಅಜ್ಜಿಯನ್ನು ನಮ್ಮಲ್ಲಿ ಅಮ್ಮ ಎಂದೇ ಕರೆಯುವುದು.

ಅವ್ವ ಆಗತಾನೇ ಹಿಂಡಿ ತಂದ ಹಾಲಿನ ಚರಿಗೆಯ ಮೇಲೆ ಕೈಯಿಟ್ಟಳು. "ಈ ಹಾಲಿನ ಆಣಿ ಐತಿ. ನಾ ಒಂದ್ ಹನಿ ಕೊಟ್ಟಿಲ್ಲ."

ನಾನು ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಇರಲಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟಿತ್ತು, ಒಮ್ಮೆ ಮುಗಿದರೆ ಸಾಕಾಗಿತ್ತು. "ಅವ್ವಾ, ಕೊಟ್ಟಿದ್ರ ಕೊಟ್ಟೀನಿ ಅಂದುಬಿಡು. ಯಾರೂ ಏನೂ ಅನ್ನಂಗಿಲ್ಲ," ಅಂದೆ.

ಅವ್ವ ನನ್ನನ್ನೇ ನೋಡಿದಳು. "ಅಕಿ ಕೇಳಿದ್ಲು, ಅಕಿ ಕೂಸಿನ ತಾಯಿ. ನೀ ನನ್ನ ಹೊಟ್ಟ್ಯಾಗ ಹುಟ್ಟಿದವ," ಅಂದಳು. ಮೂರು ದಿನ ಕೂಸನ್ನು ಮುಟ್ಟಲಿಲ್ಲ. ಅದು ಹತ್ತಿರ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಚೆಲ್ಲಿದ ಪ್ಯಾಕೆಟ್ಟುಗಳನ್ನು ಆರಿಸಿ ತೊಳೆದು, ಮಣ್ಣು ತುಂಬಿ, ಮೆಣಸಿನ ಬೀಜ ಊರಿದಳು. ನಾಲ್ಕನೆಯ ದಿನ ಯಲಬುರ್ಗಾದಲ್ಲಿರುವ ನನ್ನ ತಂಗಿಯ ಮನೆಗೆ ಹೋಗುತ್ತೇನೆಂದು ಕೈಚೀಲ ಹಿಡಿದು ನಿಂತಳು. ನಾನು ತಡೆಯಲಿಲ್ಲ. ಎಮ್ಮೆ ಅಂದಿನಿಂದ ನನ್ನ ಕೈಗೆ ಸೊರೆ ಬಿಡದಿದ್ದದ್ದಷ್ಟೇ ಅಲ್ಲ, ಒದೆಯುತ್ತಲೂ ಇತ್ತು. ಹತ್ತು ದಿನ ಕೂಸಿಗೆ ರಾಗಿ ಅಂಬಲಿಯಾಯಿತು, ಆಮೇಲೆ ಡಾಕ್ಟರ ಮಾತಿನಂತೆ ಗಂಗಾವತಿಯಿಂದ ಮತ್ತೊಂದು ಡಬ್ಬ ತಂದೆ.

ಇದಾದ ಮೇಲೆ ಆ ಫೋಟೋ ಬಂದದ್ದು. ಬುಧವಾರದ ಆ ಪ್ಯಾಕೆಟ್ಟು ಪಟ್ಟಿಯಲ್ಲಿದ್ದರೆ ತಪ್ಪು ಕಂಪನಿಯದು. ಅವ್ವನ ಆಣೆ ನಿಜ. ನಾನು ಬಸ್ಸು ಹತ್ತಿ ಹೋಗಿ ಕೈ ಹಿಡಿದು ಕರೆದುಕೊಂಡು ಬರಬಹುದು. ಅದಕ್ಕೇ ಸಂತೋಷ.

ಮೊದಲು ಮನೆಯಲ್ಲಿದ್ದ ಹೊಸ ಡಬ್ಬ ನೋಡಿದೆ. ಪ್ಯಾಕೆಟ್ಟಿನ ನೆತ್ತಿಯಲ್ಲಿ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ನಂಬರಿತ್ತು. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. ಪಟ್ಟಿಯಲ್ಲಿ ಇರಲಿಲ್ಲ. ಸರಿ, ಈಗ ಕೂಸು ಕುಡಿಯುತ್ತಿರುವುದು ಚೆನ್ನಾಗಿದೆ ಎಂದಾಯಿತು. ನನಗೆ ಬೇಕಾದದ್ದು ಹಳೆಯ ಡಬ್ಬದ ನಂಬರು. ಹಿತ್ತಲ ಗೋಡೆಯ ಬದಿ ಸಾಲಾಗಿ ನಿಂತ ಹನ್ನೊಂದು ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಎತ್ತಿ, ಮಣ್ಣು ಒರೆಸಿ, ನಾಲ್ಕೂ ಮಗ್ಗುಲು, ತಳ ನೋಡಿದೆ. ಕಂಪನಿಯ ವಿಳಾಸ, ಸೋಯಾ ಕಾಳಿನ ಚಿತ್ರ, ಎಷ್ಟು ಪ್ರೋಟೀನು ಎಂಬ ಲೆಕ್ಕ, ಎಲ್ಲ ಇತ್ತು. ನಂಬರಿದ್ದದ್ದು ನೆತ್ತಿಯಲ್ಲಿ, ನೆತ್ತಿಗಳನ್ನು ಮಗಳು ಅಂದೇ ನೀರೊಲೆಗೆ ಹಾಕಿದ್ದಳು. ಮೆಣಸಿನ ಸಸಿ ಎರಡೆಲೆ ಬಿಟ್ಟಿದ್ದವು. ನೀರು ಹಾಕುವವರಿಲ್ಲದೆ ಬಾಡಿದ್ದವು, ಹಾಕಿದೆ.

ಮರುದಿನ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ ಎಂದಿತು. ಕನ್ನಡಕ್ಕೆ ಏನು ಒತ್ತಬೇಕೋ ಹೇಳಲಿಲ್ಲ. ಬಹಳ ಹೊತ್ತು ಹಾಡು ಕೇಳಿಸಿ, ಕೊನೆಗೆ ಒಬ್ಬ ಹುಡುಗಿ ಬಂದಳು. ಸುದ್ದಿ ನಿಜ, ಹಾಗೆ ಕರೆಸಿಕೊಳ್ಳುತ್ತಿರುವುದು ಹೌದು, ನಿಮ್ಮ ಬ್ಯಾಚ್ ನಂಬರು ಹೇಳಿ ಅಂದಳು. ನಂಬರು ಇಲ್ಲ, ಅದನ್ನೇ ನಿಮ್ಮನ್ನು ಕೇಳುತ್ತಿದ್ದೇನೆ ಅಂದೆ. ನಂಬರು ಇಲ್ಲದೆ ಹೇಳಲಾಗುವುದಿಲ್ಲ ಅಂದಳು. ನನ್ನ ಹಿಂದಿ ಎಮ್ಮೆ ಕಂಠದ್ದು, ಅವಳ ಸಹನೆ ದೊಡ್ಡದು. ನಮಗಿಬ್ಬರಿಗೂ ಅರ್ಧ ಗಂಟೆ ಖರ್ಚಾಯಿತು.

ಫೋನು ಇಟ್ಟ ಮೇಲೆ ರಟ್ಟಿನ ಡಬ್ಬ ನೆನಪಾಯಿತು. ರಟ್ಟಿನ ಮೇಲೂ ನಂಬರು ಹೊಡೆದಿರುತ್ತಾರಲ್ಲ. ಅವ್ವ ಏನನ್ನೂ ಎಸೆಯುವವಳಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಹಗ್ಗ, ದಾಬು ಎಲ್ಲ ಅದರೊಳಗೇ ತುಂಬಿಟ್ಟಿದ್ದಳು. ಅಂಕಿಗಳೂ ಇದ್ದವು. ಆದರೆ ಎಮ್ಮೆ ಬಾಲ ಬೀಸಿ ಬೀಸಿ ಕೊನೆಯ ಎರಡು ಅಂಕಿಯ ಮೇಲೆ ಸೆಗಣಿ ಮೆತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿದರೆ ಸೆಗಣಿಯ ಜೊತೆ ಅಂಕಿಯೂ ಎದ್ದು ಬಂತು. ನಾನು ಆ ಎಮ್ಮೆಯ ಕಡೆ ನೋಡಿದೆ. ಅದು ಮೆಲುಕು ಹಾಕುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ, ನನ್ನ ಪಾಲಿಗೆ ಕೆಸರಷ್ಟೇ ಬರೆದಿತ್ತು. ಉಳಿದ ಅಂಕಿಗಳು ಪಟ್ಟಿಯ ಎರಡು ನಂಬರುಗಳಿಗೆ ಹೊಂದುತ್ತಿದ್ದವು. ಆಸೆ ಹುಟ್ಟಲು ಅಷ್ಟು ಸಾಕಾಯಿತು.

ಗಂಗಾವತಿಗೆ ಹೋದೆ. ಕೂಸನ್ನು ಅಂಗನವಾಡಿಯಲ್ಲಿ ಬಿಟ್ಟು, ಬರುವಷ್ಟರಲ್ಲಿ ತಡವಾದರೆ ಸ್ವಲ್ಪ ನೋಡಿಕೊಳ್ಳಿ ಎಂದು ಕೈಮುಗಿದು, ಬಸ್ಸು ಹತ್ತಿದೆ. ರಟ್ಟನ್ನು ನಂಬರಿದ್ದಷ್ಟು ಕತ್ತರಿಸಿ ಚೀಲದಲ್ಲಿಟ್ಟುಕೊಂಡಿದ್ದೆ. ದಾರಿಯುದ್ದಕ್ಕೂ, ಅವ್ವನ ಮುಂದೆ ಹೇಗೆ ಹೇಳಬೇಕು ಎಂದು ಮಾತು ಜೋಡಿಸುತ್ತಿದ್ದೆ. ಅಂಗಡಿಯವನು ಕಾಲುವೆ ಕಡೆಯವನು, ಬಾಯಲ್ಲಿ ಕನ್ನಡ ತೆಲುಗು ಎರಡೂ ಕೂಡಿಯೇ ಬರುತ್ತವೆ. ಅವನಿಗೂ ಕಂಪನಿಯಿಂದ ಸುದ್ದಿ ಬಂದಿತ್ತು.

"ಏಮಂಡಿ ಸಾರ್, ಗಾಬರಿ ಆಗ್ಬ್ಯಾಡ್ರಿ," ಎಂದು ಒಳಗಿನಿಂದ ಒಂದು ಡಬ್ಬ ತಂದು ನನ್ನ ರಟ್ಟಿನ ಪಕ್ಕ ಇಟ್ಟ. "ನೀವು ಆವತ್ತ ಒಯ್ದಿದ್ದೂ, ಮೊನ್ನೆ ಒಯ್ದಿದ್ದೂ ಒಂದೇ ಲೋಡಿನ ಮಾಲ್. ಒಂದೇ ನಂಬರ್. ನೋಡ್ರಿ, ಲಿಸ್ಟಿನ್ಯಾಗ ಇಲ್ಲ. ವಾಪಸ್ ಹೋಗೋ ಮಾಲು ಈ ಕಡಿ ಬಂದೇ ಇಲ್ಲಂಡಿ."

ನಾನು ಮತ್ತೆ ನೋಡಿದೆ. ಅವನ ಡಬ್ಬದ ಮೇಲೆ, ಬೆರಳಿನ ಕೆಳಗೆ, ಕೊನೆಯ ಎರಡೂ ಅಂಕಿ ಸ್ಪಷ್ಟವಾಗಿದ್ದವು. ಮನೆಯಲ್ಲಿ ಕ್ಯಾಲೆಂಡರಿನ ಹಿಂದೆ ಬರೆದುಕೊಂಡ ಅದೇ ನಂಬರು. "ಇನ್ನೊಮ್ಮೆ ನೋಡು," ಅಂದೆ. ಅವನು ಪಾಪ, ಇನ್ನೊಮ್ಮೆ ನೋಡಿದ. "ಖುಷಿಯಾಗಿ ಹೋಗ್ರಿ ಸಾರ್," ಅಂದ. ತನ್ನ ಮನೆಯ ಹಾಲಿನಲ್ಲಿ ದೋಷವಿಲ್ಲ ಎಂದು ತಿಳಿದು ಮುಖ ಬಾಡಿಸಿಕೊಂಡ ಗಿರಾಕಿಯನ್ನು ಅವನು ಹಿಂದೆ ನೋಡಿರಲಿಕ್ಕಿಲ್ಲ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಬಹಳ ಹೊತ್ತು ಕೂತೆ. ಎರಡು ಬಸ್ಸು ಬಿಟ್ಟೆ. ಹಾಗಾದರೆ ಅವ್ವ ಕೊಟ್ಟದ್ದೇ ಹೌದು. ಹಾಲಿನ ಆಣೆ ಮಾಡಿ ಸುಳ್ಳು ಹೇಳಿದಳು. ಆ ಯೋಚನೆಯನ್ನು ಹೊತ್ತು ಕುಷ್ಟಗಿಯವರೆಗೆ ಬರುವುದು, ಹನ್ನೆರಡು ಪ್ಯಾಕೆಟ್ಟು ಹೊರುವುದಕ್ಕಿಂತ ಭಾರವಾಯಿತು.

ಎರಡು ದಿನ ಬಿಟ್ಟು ಸಂತೆಯ ದಿನ, ಹನುಮಸಾಗರದ ಹತ್ತಿರದ ಹಳ್ಳಿಯ ಒಬ್ಬ ರೈತ ಹೆಣ್ಣುಮಗಳು ಮನೆಗೆ ಬಂದಳು. ಐದು ವಾರದ ಹಿಂದೆ ಅವರ ಎಮ್ಮೆಗೆ ಕರು ಅಡ್ಡ ಬಿದ್ದಿತ್ತು. ನಿವೃತ್ತಿಯಾದರೂ ಜನ ನನ್ನನ್ನು ಬಿಡುವುದಿಲ್ಲ, ಹೋಗಿ ಎಳೆದುಕೊಟ್ಟಿದ್ದೆ. ನಮ್ಮ ಕಡೆ ಕರು ಹಾಕಿಸಿದವನಿಗೆ ಮೊದಲ ಗಿಣ್ಣದ ಹಾಲು ಕೊಡದಿದ್ದರೆ ಮನೆಯವರಿಗೆ ಸಮಾಧಾನವಿರುವುದಿಲ್ಲ. ಮುಚ್ಚಳದ ಸ್ಟೀಲ್ ಡಬ್ಬಿಯೊಂದರಲ್ಲಿ ಕಳಿಸಿದ್ದಳು. ಈಗ ಆ ಡಬ್ಬಿ ಕೇಳಲು ಬಂದಿದ್ದಳು.

ಗಿಣ್ಣ ತಂದ ಪಾತ್ರೆಯನ್ನು ತೊಳೆದು ಕೊಡುವ ಹಾಗಿಲ್ಲ. ತೊಳೆದರೆ ಕೊಟ್ಟವರ ಎಮ್ಮೆಯ ಹಾಲು ಇಳಿಯುತ್ತದೆ ಎಂದು ನಂಬಿಕೆ. ಹಾಲು ಬಗ್ಗಿಸಿಕೊಂಡು, ಒಳಗೆ ಹತ್ತಿದ್ದು ಹತ್ತಿದ ಹಾಗೇ ಮರಳಿಸಬೇಕು. ಹಾಲಿನ ಪಾತ್ರೆ ತಿಕ್ಕಿ ತೊಳೆಯಿರಿ ಎಂದು ಊರೂರಿಗೆ ಭಾಷಣ ಮಾಡಿದ ನಾನು ಮನೆಯಲ್ಲಿ ಅವ್ವನ ಈ ರೂಢಿಗೆ ಎಂದೂ ಅಡ್ಡ ಬಂದಿರಲಿಲ್ಲ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ಆ ಸಂಜೆಯೂ ಅವ್ವ ಡಬ್ಬಿಯನ್ನು ಅಡುಗೆಮನೆ ಗೋಡೆಯ ಮಾಡದಲ್ಲಿ ಬೋರಲು ಹಾಕಿ, "ಯಾರೂ ತೊಳೀಬ್ಯಾಡ್ರಿ, ಅವರ ಡಬ್ಬಿ," ಎಂದು ಕೂಗಿ ಹೇಳಿದ್ದಳು. ನಾನು ದಣಿದು ಬಂದು ಮಂಚದ ಮೇಲೆ ಬಿದ್ದಿದ್ದೆ, ಹ್ಞೂಂ ಅಂದಿದ್ದೆ.

ಡಬ್ಬಿ ತಂದುಕೊಟ್ಟೆ. ಅವಳು ಮುಚ್ಚಳ ತೆಗೆದು ಒಳಗೆ ನೋಡಿದಳು. ಮುಖ ಸಣ್ಣದಾಯಿತು.

"ಸರ, ಇದನ್ಯಾರ ತೊಳದ್ರಿ?"

"ಯಾರೂ ತೊಳದಿಲ್ಲವಾ. ಅವ್ವ ಹಂಗ ಇಟ್ಟಾಳ."

"ತೊಳದೀರಿ ನೋಡ್ರಿ, ಲಕಲಕ ಅಂತೈತಿ. ಎಮ್ಮಿ ಯಾಕ ಹಾಲು ಇಳಿಸವಲ್ದು ಅಂತಿದ್ದೆ." ಡಬ್ಬಿಯನ್ನು ತಿರುಗಿಸಿದಳು. "ತಳಕ್ಕ ಇದೇನ್ರಿ ಪಟ್ಟಿ ಅಂಟಿಸೀರಿ?"

ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿಯ ಒಂದು ತುಂಡು ಅಲ್ಲಿ ಅಂಟಿತ್ತು. ಅದರ ಮೇಲೆ ಪೆನ್ನಿನಲ್ಲಿ ದುಂಡಗೆ, ಹಾಲು ಕೊಡಬಾರದು, ಎಂದು ಬರೆದಿತ್ತು. ಅಂಗನವಾಡಿಯವರ ಅಕ್ಷರ. ಬೇರೆ ಮಕ್ಕಳ ಲೋಟದ ಹಾಲು ಬೆರೆಯಬಾರದೆಂದು ನಮ್ಮ ಕೂಸಿನ ಡಬ್ಬಿಗೆ ಅವರೇ ಅಂಟಿಸುವ ಗುರುತು ಅದು.

ಎಲ್ಲ ನೆನಪಾಯಿತು. ಗಿಣ್ಣ ಬಂದದ್ದು ಮಂಗಳವಾರ ಸಂಜೆ. ಬುಧವಾರ ಬೆಳಗ್ಗೆ ಕೂಸಿನ ಡಬ್ಬಿಯ ಮುಚ್ಚಳ ಕೂರಲಿಲ್ಲ, ರಬ್ಬರು ಹರಿದಿತ್ತು. ಕೂ‌ಸು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕುಣಿಯುತ್ತಿತ್ತು. ನಾನು ಕನ್ನಡಕ ಹಾಕಿರಲಿಲ್ಲ. ಮಾಡದಲ್ಲಿ ಪಕ್ಕಕ್ಕಿದ್ದ ಡಬ್ಬಿ ತೆಗೆದು, ಒಣಗಿದೆ ಎಂದುಕೊಂಡು, ಬಿಸಿ ಸೋಯಾ ಹಾಲು ಸುರಿದೆ. ಅಂಗನವಾಡಿಯಲ್ಲಿ, "ಇವತ್ತ ಬ್ಯಾರೆ ಡಬ್ಬಿರಿ," ಎಂದು ನಾನೇ ಹೇಳಿ ಕೊಟ್ಟೆ. ಅವರು ಹೊಸ ಪಟ್ಟಿ ಅಂಟಿಸಿದರು. ಮೊದಲ ದಿನದ ಗಿಣ್ಣ, ಹಾಲಿಗಿಂತ ಎಷ್ಟೋ ಗಟ್ಟಿ, ಡಬ್ಬಿಯ ಒಳಮೈಗೆ ಒಣಗಿ ಹತ್ತಿದ್ದು, ಬಿಸಿಗೆ ಕರಗಿ ಕೂಸಿನ ಹೊಟ್ಟೆಗೆ ಹೋಯಿತು. ಅಂಗನವಾಡಿಯವರು ಒಳ್ಳೆಯವರು, ಡಬ್ಬಿ ತೊಳೆದೇ ಕಳಿಸಿದ್ದರು.

ಆ ಹೆಣ್ಣುಮಗಳು, "ಇರ್ಲಿ ಬಿಡ್ರಿ ಸರ, ನೀವ್ಯಾಕ ಅಳತೀರಿ, ಒಂದ್ ಡಬ್ಬಿಗೆ," ಅಂದಳು. ನಾನು ಅಳುತ್ತಿದ್ದೇನೆಂದು ಆಗ ಗೊತ್ತಾಯಿತು.

ಮರುದಿನ ಯಲಬುರ್ಗಾಕ್ಕೆ ಹೋದೆ. ಅವ್ವ ತಂಗಿಯ ಮನೆಯ ಪಡಸಾಲೆಯಲ್ಲಿ ಹೆಸರು ಹಸನು ಮಾಡುತ್ತ ಕೂತಿದ್ದಳು. ತಂಗಿ ಹೊಲಕ್ಕೆ ಹೋಗಿದ್ದಳು. ನಾನು ಪೀಠಿಕೆ ಹಾಕಲಿಲ್ಲ. ಡಬ್ಬಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ, ನಿನ್ನನ್ನು ನಂಬಲಿಲ್ಲ, ತಪ್ಪಾಯಿತು ಅಂದೆ. ಅವ್ವ ಮೊರದಿಂದ ಕೈ ತೆಗೆಯಲಿಲ್ಲ. ಬಹಳ ಹೊತ್ತು ಕಲ್ಲು ಆರಿಸಿದಳು.

"ನನ್ನ ಮ್ಯಾಲಿಂದ ಹೋತು ಅಂತ ಖುಷಿ ಆಗಬೇಕಿತ್ತು," ಅಂದಳು. "ಆಗವಲ್ದು. ಮಗಳಿಗೆ ಹೇಳೀಯೇನು?"

"ಇಲ್ಲ. ಮೊದಲ ನಿನಗ ಹೇಳಬೇಕಂತ ಬಂದೆ."

"ಹೇಳಬ್ಯಾಡ. ನನ್ನ ಮ್ಯಾಲೇ ಇರಲಿ. ನಾ ಏನ್ ಇವತ್ತೋ ನಾಳೆನೋ. ಅಕಿ ದಿನಾ ಕೂಸಿನ್ನ ಬಿಟ್ಟು ಹೋಗಬೇಕಾದ್ದು ನಿನ್ನ ಕೈಯಾಗ. ನಿನ್ನ ಮ್ಯಾಲಿನ ನಂಬಿಕಿ ಹೋದ್ರ ಅಕಿ ನೌಕರಿ ಹೆಂಗ ಮಾಡ್ತಾಳ?"

ನಾನು ಬೇಡ ಅನ್ನಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಅವ್ವನನ್ನು ಕರೆದುಕೊಂಡು ಬರುವಾಗ ಬಸ್ಸಿನಲ್ಲಿ ಅರ್ಧ ದಾರಿಯವರೆಗೆ ನನಗೆ ಆ ಮಾತು ಸರಿಯೆನಿಸಿತ್ತು. ಮಗಳಿಗೆ ಬೇರೆ ದಾರಿಯಿಲ್ಲ, ಇನ್ನೊಬ್ಬರನ್ನು ಇಟ್ಟುಕೊಳ್ಳುವ ಮನೆಯಲ್ಲ, ಅವ್ವನೇ ಒಪ್ಪಿದ್ದಾಳೆ. ದಣಿದವನಿಗೆ ಸುಲಭದ ದಾರಿ ಯಾವಾಗಲೂ ನ್ಯಾಯದ್ದಾಗಿಯೇ ಕಾಣುತ್ತದೆ. ಅವ್ವ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು.

ಮನೆ ಮುಟ್ಟಿದಾಗ ಮಗಳು ಬಂದು ಆಗಿತ್ತು. ಅಂಗನವಾಡಿಯಿಂದ ಕೂಸನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಳು. ಅವ್ವನನ್ನು ನೋಡಿ, "ಬಾ ಅಮ್ಮಾ," ಅಂದಳು. ದನಿ ಮೆತ್ತಗೇ ಇತ್ತು. ಕೂಸು ಎಮ್ಮಿ ಅಮ್ಮ ಎಂದು ಮುಂದೆ ನುಗ್ಗಿತು. ಮಗಳು ಅದರ ಕೈ ಹಿಡಿದು ತನ್ನ ಹಿಂದಕ್ಕೆ ಎಳೆದುಕೊಂಡಳು. ಬೇಕೆಂದು ಮಾಡಿದ್ದಲ್ಲ, ಕೈ ತಾನೇ ಮಾಡಿತು. ಅವ್ವ ಅದನ್ನು ನೋಡಿದಳು. ಚಾಚಿದ್ದ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

ನನಗೆ ತಡೆಯಲಾಗಲಿಲ್ಲ. "ಅವ್ವ ಕೊಟ್ಟಿಲ್ಲ," ಅಂದೆ. "ನಾ ಕೊಟ್ಟೀನಿ. ಗಿಣ್ಣದ ಡಬ್ಬಿ ತೊಳೀದ ಅದರಾಗ ಹಾಕಿ ಕಳಿಸಿದೆ. ನಾನ."

ಮಗಳು ನನ್ನ ಮುಖ, ಅವ್ವನ ಮುಖ ನೋಡಿದಳು. ಕೂಸಿನ ಕೈ ಬಿಟ್ಟಳು. ಕೂಸು ಓಡಿ ಹೋಗಿ ಅವ್ವನ ಕಾಲು ತಬ್ಬಿತು. ಅವ್ವ ಸೆರಗಿನಿಂದ ಕೈ ತೆಗೆದು ಅದರ ತಲೆಯ ಮೇಲಿಟ್ಟಳು. ಆಮೇಲೆ ಕೂಸು ದಿನದ ಹಾಗೆ ನನ್ನ ಕಡೆ ತಿರುಗಿ, ಎತ್ತಿಕೋ ಎಂದು ತೋಳು ಚಾಚಿ ಬಂತು. ಮಗಳು ಎರಡು ಹೆಜ್ಜೆ ಮುಂದೆ ಬಂದು ಅದರ ಕೈ ಮತ್ತೆ ಹಿಡಿದುಕೊಂಡಳು. ಕೂಸನ್ನು ಕರೆದುಕೊಂಡು ಒಳಗೆ ಹೋದಳು.

ಚಾಚಿದ ನನ್ನ ಕೈಗಳು ಅಲ್ಲೇ ಉಳಿದವು. ಅವ್ವ ಬಾಗಿಲ ಬದಿಯ ಕಟ್ಟೆಯ ಮೇಲೆ ಕೂತಳು, ಆಚೆ ಸರಿದಳು, ಪಕ್ಕದ ಧೂಳನ್ನು ಅಂಗೈಯಿಂದ ಒರೆಸಿ, "ಕುಂಡ್ರು," ಅಂದಳು.